ಪೂಜೆಯಾದ ಚಾರ್ಜಿಂಗ್ ಪಾಯಿಂಟು

ಎಲೆಕ್ಟ್ರಿಕ್ ಸ್ಕೂಟರ್ ಕೊಂಡ ದಿನದಿಂದ ಮಹದೇವಪ್ಪನಿಗೆ ಇಬ್ಬರು ಶತ್ರುಗಳು. "ಆಟದ ಸಾಮಾನು ಬಾವ ಅದು, ನಮ್ಮೂರು ಹಂಗಳದಗಂಟ ಬರಾಕಿಲ್ಲ" ಎಂದು ಹಂಗಿಸಿದ ಹೆಂಡತಿಯ ತಮ್ಮ ದಿಲೀಪ ಒಬ್ಬ. ಗುಂಡ್ಲುಪೇಟೆಯ ಅವರ ಎಂಟು ಮನೆಗಳ ಕಟ್ಟಡದಲ್ಲಿ ಕೆಳಮನೆಯ ಪುಟ್ಟರಾಜು ಇನ್ನೊಬ್ಬ. ಮಹದೇವಪ್ಪ ಮೇಲಿನ ಅಡುಗೆಮನೆ ಕಿಟಕಿಯಿಂದ ವೈರ್ ಇಳಿಬಿಟ್ಟರೆ ಪುಟ್ಟರಾಜು ಅದರ ಮೇಲೆ ಪಂಚೆ ಒಣಹಾಕುತ್ತಿದ್ದ. (ಕರೆಂಟಿನ ಕಾವಿಗೆ ಬೇಗ ಒಣಗುತ್ತವಂತೆ!)

"ಕೆಳಗೇ ಎಲ್ರಿಗೂ ಸೇರಿ ಚಾರ್ಜಿಂಗ್ ಪಾಯಿಂಟ್ ಆಗ್ಬೇಕು!" ಕಟ್ಟಡದ ಸಭೆಯಲ್ಲಿ ಮಹದೇವಪ್ಪ ಮೇಜು ಗುದ್ದಿದ. ಬೇಡವೆಂದವನು ಪುಟ್ಟರಾಜು ಒಬ್ಬನೇ. ಉಳಿದವರು ಮೇಜಿನ ಮೇಲಿನ ಕರುಣೆಗಾದರೂ ಒಪ್ಪಿದರು. ಆಯುಧಪೂಜೆಯ ಬೆಳಗ್ಗೆ ಪಾಯಿಂಟ್ ಸಿದ್ಧವಾಯಿತು. ಪೆಟ್ಟಿಗೆಯ ಬೀಗದ ಕೈ ಮಹದೇವಪ್ಪನ ಉಡುದಾರ ಸೇರಿತು. ದಿಗ್ವಿಜಯದ ಹುಮ್ಮಸ್ಸಿನಲ್ಲಿ ಹಳೇ ವೈರನ್ನು ಎಲ್ಲರೆದುರು ತುಂಡು ತುಂಡು ಮಾಡಿ, ದಿಲೀಪನಿಗೆ ಫೋನ್ ಹಚ್ಚಿದ: "ನಾಳೆ ಊಟಕ್ ಬತ್ತೀನಿ. ನನ್ ಗಾಡಿ ಚಕ್ರಕ್ಕೆ ನಿಂಬೆಹಣ್ ಹಿಡ್ಕಂಡು ನಿಂತಿರ್ಲಾ!"

ಬ್ಯಾಟರಿ ಬರಿದಾಗಿತ್ತು. "ಮೊದ್ಲು ಪೂಜೆ, ಆಮೇಲ್ ಚಾರ್ಜು" ಎಂದಳು ಹೆಂಡತಿ ಶಾಂತಮಲ್ಲಮ್ಮ. ಪಾಯಿಂಟಿಗೆ ವಿಭೂತಿ ಬಳಿದು, ಚೆಂಡುಹೂ ಮುಡಿಸಿ ಮಂಗಳಾರತಿ ಎತ್ತಿದ್ದೇ ತಡ, ಪುಟ್ಟರಾಜು ಹೊಚ್ಚಹೊಸ ಎಲೆಕ್ಟ್ರಿಕ್ ಸ್ಕೂಟರ್ ತಳ್ಳಿಕೊಂಡು ಬಂದ!

"ಅಣ್ಣ, ವಸಿ ಬೀಗ ತೆಗಿ."

ಮಹದೇವಪ್ಪನ ನೆತ್ತಿಯ ಮೇಲೆ ಕೆಂಡ ಸುರಿದಂತಾಯಿತು. "ಬ್ಯಾಡ ಅಂದೋನ್ಗೇ ಮೊದ್ಲ ಪಂಕ್ತಿಯಾ? ಆಯುಧಪೂಜೆ ಮಾಡಿದ್ ಸಾಮಾನ ದುಡಿಸ್ತಾರೇನ್ಲಾ? ನಿಮ್ಮಪ್ಪ ಪೂಜೆ ಮಾಡಿದ್ ನೇಗ್ಲ ಅವತ್ತೇ ಹೂಡ್ತಿದ್ನಾ? ನಾಳೆ ಸಂಜೆ ಬನ್ನಿಪೂಜೆ ಆಗೋಗಂಟ ಇದ್ನ ಯಾರೂ ಮುಟ್ಟಂಗಿಲ್ಲ!"

"ಸರ್ಯಾಗಿ ಯೋಳ್ದೆ ಕಣ್ ಮಗ" ಎಂದಳು ಪಕ್ಕದ ಮನೆಯ ಅಜ್ಜಿ ದೊಡ್ಡಮಾದಮ್ಮ. ಚಪ್ಪಾಳೆ ಬಿತ್ತು. ಪುಟ್ಟರಾಜು ಬಂದ ದಾರಿಗೆ ಗಾಡಿ ತಿರುಗಿಸಿದ. ಮಹದೇವಪ್ಪ ಮೀಸೆಗೆ ಕೈ ಹಾಕಿದ.

ಶಾಂತಮಲ್ಲಮ್ಮ ಮೆಲ್ಲಗೆ ಕೇಳಿದಳು: "ಯಾರೂ ಅಂದ್ರೆ... ನಾವೂವಾ?"

ಮೀಸೆ ಮೇಲೇರದೆ ಅಲ್ಲೇ ನಿಂತಿತು.

ಮರುದಿನ ಹಂಗಳದ ಬಸ್ ನಿಲ್ದಾಣದಲ್ಲಿ ದಿಲೀಪ ಹಾರ, ನಿಂಬೆಹಣ್ಣು ಹಿಡಿದು ನಿಂತಿದ್ದ. ಬಸ್ಸಿನಿಂದ ಹೆಂಡತಿಯೊಡನೆ ಮಹದೇವಪ್ಪ ಎದೆಯುಬ್ಬಿಸಿಯೇ ಇಳಿದ. (ಹಿಂದಿನ ಸೀಟಿನಲ್ಲಿ ಪುಟ್ಟರಾಜುವೂ ಜೋಲುಮುಖ ಹಾಕಿ ಕೂತಿದ್ದನಲ್ಲ, ಅದು ಸಾಲದೇ?) ಬೀಗದ ಕೈ ಎತ್ತಿ ಹಿಡಿದ: "ನೋಡ್ಲಾ! ಇಡೀ ಬಿಲ್ಡಿಂಗಿನ್ ಚಾರ್ಜು ನನ್ ಕೈಲದ!"

"ಗಾಡಿ ಎಲ್ಲದ ಬಾವ?"

ಬಾವ ಬಾಯಿ ತೆರೆಯುವ ಮೊದಲೇ ಶಾಂತಮಲ್ಲಮ್ಮ ತಮ್ಮನ ಕೈಯ ನಿಂಬೆಹಣ್ಣು ಇಸಿದುಕೊಂಡು ಬಸ್ಸಿನ ಮುಂದಿನ ಚಕ್ರಗಳಡಿ ಇಟ್ಟಳು.

"ಡ್ರೈವರಣ್ಣ, ಹೊಂಡಿ! ನಮ್ ಯಜಮಾನ್ರು ಬಂದ ಗಾಡಿ ಇದೇಯ."