ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡದ ಇತಿಹಾಸ ಮತ್ತು ಸಾಧನೆ

ಆಟ ಕಲಿಸುವವರಿಗೆ ಫಜೀತಿಗಳು ಆಗುತ್ತಲೇ ಇರುತ್ತವೆ. ನನಗೆ ಮಾತ್ರ ಸ್ವಲ್ಪ ಹೆಚ್ಚೇ ಆಗಿವೆ. ಬೇರೆ ಮೇಷ್ಟ್ರು ತಪ್ಪು ಪಾಠ ಮಾಡಿದರೆ ನಾಲ್ಕು ಗೋಡೆಯೊಳಗೆ ಮುಗಿದುಹೋಗುತ್ತದೆ. ನಾವು ತಪ್ಪು ಮಾಡಬೇಕೆಂದರೂ ಬಯಲಿಗೆ ಬಂದು, ಸೀಟಿ ಊದಿ, ಮಂದಿ ಸೇರಿಸಿಯೇ ಮಾಡಬೇಕು.

ನಾನು ಬಸವನಬಾಗೇವಾಡಿಯ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ನನ್ನ ಆಟ ಕಬಡ್ಡಿ. ಆದರೆ ನಮ್ಮ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಮೊದಲ ಕೋಚ್ ಕೂಡ ನಾನೇ. ಹೋದ ತಿಂಗಳು ಕ್ರೀಡಾ ವಿಭಾಗದಿಂದ ಫೋನ್ ಬಂತು. ಸ್ಮರಣ ಸಂಚಿಕೆ ತರುತ್ತಾರಂತೆ, ತಂಡದ ಇತಿಹಾಸ ಮತ್ತು ಸಾಧನೆ ಎಂದು ಎರಡು ಪುಟ ಬೇಕಂತೆ. ‘ಸಾಧನೆ’ ಎಂದು ಬರೆದು, ಅಡಿಗೆರೆ ಎಳೆದು ನಾಲ್ಕು ದಿನ ಕುಳಿತೆ. ಗೆರೆಯ ಕೆಳಗೆ ಬರೆಯಲು ನಾಚಿಕೆ ಬಿಟ್ಟರೆ ಏನೂ ಇರಲಿಲ್ಲ. ಅದರಲ್ಲೂ ನನ್ನ ತಪ್ಪಿನಿಂದ ಒಬ್ಬ ಆಟಗಾರನ ಹೆಸರು ಕೆಟ್ಟಿತ್ತು. ಅದನ್ನು ಬರೆಯಬೇಕೋ ನುಂಗಬೇಕೋ ಎಂಬುದೇ ಸಂಕಟ. ಮೊದಲು ಉಳಿದದ್ದನ್ನು ಹೇಳಿಬಿಡುತ್ತೇನೆ, ಧೈರ್ಯ ಬರಲಿ.

ಚೆಂಡು

ಕೆಲವು ವರ್ಷಗಳ ಹಿಂದೆ ಅದೇ ಕ್ರೀಡಾ ವಿಭಾಗದವರು ಕೇಳಿದ್ದರು: “ಸರ್ರ, ಈ ಸಲ ಅಮೆರಿಕನ್ ಫುಟ್‌ಬಾಲಿಗೂ ಟೀಮ್ ಕಳಸಬೇಕಾಗೈತ್ರಿ. ನಿಮಗ ಆ ಆಟ ಗೊತ್ತೈತಿಲ್ರಿ?”

“ಗೊತ್ತೈತ್ರಿ” ಎಂದೆ. ಗೊತ್ತಿಲ್ಲ ಎನ್ನುವ ಚಟ ನನಗೆ ಆಗ ಇರಲಿಲ್ಲ. ಅಮೆರಿಕದವರಾದರೂ ಕಾಲಲ್ಲೇ ಒದೆಯಬೇಕಲ್ಲ, ಸ್ವಲ್ಪ ಜೋರಾಗಿ ಒದೆಯುತ್ತಾರೇನೋ ಎಂದುಕೊಂಡಿದ್ದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಾಲೇಜುಗಳಿಂದಲೂ ನಮ್ಮಲ್ಲಿಂದಲೂ ಹುಡುಗರನ್ನು ಆರಿಸಿದೆ. ಎಲ್ಲರೂ ಕಬಡ್ಡಿಯವರೇ, ಯಾಕೆಂದರೆ ನನಗೆ ಪರಿಚಯವಿದ್ದವರು ಅವರೇ. ನಮ್ಮ ಮೈದಾನದಲ್ಲಿ ಹದಿನೈದು ದಿನ ಅವರಿಂದ ದುಂಡು ಚೆಂಡು ಒದೆಸಿದೆ. ಹದಿನಾರನೆಯ ದಿನ ವಿಶ್ವವಿದ್ಯಾಲಯದಿಂದ ಪಾರ್ಸೆಲ್ ಬಂತು. ಬಿಚ್ಚಿದರೆ ನಾಲ್ಕು ಚೆಂಡು, ನಾಲ್ಕಕ್ಕೂ ಎರಡೂ ತುದಿ ಚೂಪು, ಬಲಿತ ಹಾಗಲಕಾಯಿ ಹಾಗೆ.

ಪ್ರಾಚಾರ್ಯರು ಒಂದನ್ನು ಒತ್ತಿ ನೋಡಿ, “ಲಾರಿಯೊಳಗ ಮ್ಯಾಲ ಏನರ ಭಾರ ಹೇರ್ಯಾರ, ಅಮುಕಿ ಹೋಗ್ಯಾವ. ಹೊಳ್ಳಿ ಕಳಸ್ರಿ” ಎಂದರು.

ನನಗೂ ಹೌದೆನಿಸಿತು. “ತಾವು ಕಳಿಸಿದ ನಾಲ್ಕೂ ಚೆಂಡುಗಳು ದುಂಡಗಿರುವುದಿಲ್ಲ. ದಯವಿಟ್ಟು ಬದಲಿಸಿ ಕೊಡಬೇಕಾಗಿ ವಿನಂತಿ” ಎಂದು ಪತ್ರ ಬರೆದು, ಸಹಿ ಮಾಡಿ, ಸೀಲು ಒತ್ತಿ ಕಳಿಸಿದೆ. ಅವೇ ಚೆಂಡು ವಾಪಸ್ ಬಂದವು, ಜೊತೆಗೊಂದು ನಿಯಮಗಳ ಪುಸ್ತಕ. ನನ್ನ ಪತ್ರ ಇಂದಿಗೂ ಅಲ್ಲಿಯ ಫೈಲಿನಲ್ಲಿದೆ. ಹೊಸದಾಗಿ ಸೇರಿದ ಗುಮಾಸ್ತರಿಗೆ ಮೊದಲ ದಿನ ಚಹಾದ ಜೊತೆ ಅದನ್ನೇ ಓದಿಸುತ್ತಾರಂತೆ.

ಹೆಲ್ಮೆಟ್

ಆಮೇಲೆ ಹೆಲ್ಮೆಟ್ ಬಂದವು, ಮುಖಕ್ಕೆ ಕಬ್ಬಿಣದ ಜಾಳಿಗೆ ಇದ್ದಂಥವು. ಮಸೂತಿ ಎಂಬ ಊರಿನ ಹುಡುಗನೊಬ್ಬ ತಂಡದಲ್ಲಿದ್ದ. ಅದನ್ನು ಮನೆಗೆ ಒಯ್ದು ತೋರಿಸಿದನಂತೆ. ಮರುದಿನವೇ ಅವನ ತಾಯಿ ಮೈದಾನಕ್ಕೆ ಬಂದರು.

“ಆಟ ಅಂದ್ರಿ. ಆಟಕ್ಕ ಇಂಥಾದ್ದ್ಯಾಕ ಬೇಕ್ರಿ?”

“ಏನೂ ಆಗಬಾರದಂತ ಹಾಕ್ಕೋತಾರ್ರಿ, ಯವ್ವಾ.”

“ಹಂಗಾರ ಮೊದಲ ನೀವು ಹಾಕ್ಕೊಂಡು ತೋರಸ್ರಿ.”

ನ್ಯಾಯವಾದ ಮಾತು. ಹಾಕಿಕೊಂಡೆ. ಹೋಗುವಾಗ ಸರಾಗ ಹೋಯಿತು, ಬರುವಾಗ ಕಿವಿಗೆ ಸಿಕ್ಕಿಕೊಂಡಿತು. ಹುಡುಗರು ಎಳೆದರು. ಆ ತಾಯಿಯೂ ಸೆರಗು ಸಿಕ್ಕಿಸಿಕೊಂಡು ಎಳೆದರು. ಅಷ್ಟರಲ್ಲಿ ಜವಾನ ಓಡಿ ಬಂದ. ತಪಾಸಣೆಯ ಸಮಿತಿ ಬಂದಿದೆ, ಎಲ್ಲ ಸಿಬ್ಬಂದಿ ಈಗಿಂದೀಗ ಪ್ರಾಚಾರ್ಯರ ಕೋಣೆಗೆ ಬರಬೇಕಂತೆ.

ಹೋದೆ. ಮೂಲೆಯ ಕುರ್ಚಿಯಲ್ಲಿ ಕುಳಿತೆ. ಜಾಳಿಗೆಯೊಳಗಿಂದ ನಮಸ್ಕಾರ ಹೇಳಿದೆ. ಮುಂದಿಟ್ಟ ಚಹಾ ಆರಿ ಹೋಯಿತು. ಪ್ರಾಚಾರ್ಯರು ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಸಮಿತಿಯ ಅಧ್ಯಕ್ಷರು ಮಾತ್ರ ಬಹಳ ಹೊತ್ತು ನೋಡಿ ಏನೋ ಬರೆದುಕೊಂಡರು. ಸಂಜೆ ಕಟಿಂಗ್ ಅಂಗಡಿಯವನು ಸೋಪಿನ ನೊರೆ ಬಿಟ್ಟು ನನ್ನನ್ನು ಹೊರತೆಗೆದ. ತಿಂಗಳ ನಂತರ ವರದಿ ಬಂತು. ಗ್ರಂಥಾಲಯ ಸಾಲದು, ಶೌಚಾಲಯ ಸಾಲದು ಎಂದು ಬೈದು, ಕೊನೆಗೆ ಒಂದೇ ಒಂದು ಮೆಚ್ಚುಗೆ ಬರೆದಿದ್ದರು: “ಸಿಬ್ಬಂದಿಯಲ್ಲಿ ರಸ್ತೆ ಸುರಕ್ಷತೆಯ ಅರಿವು ಶ್ಲಾಘನೀಯ.”

ದ್ವಿತೀಯ ಸ್ಥಾನ

ಪಂದ್ಯ ದೂರದ ಊರಲ್ಲಿತ್ತು. ಎರಡು ದಿನ ರೈಲಿನಲ್ಲಿ ಹೋದೆವು. ಹೋಗಿ ನೋಡಿದರೆ ಬಂದ ತಂಡ ಎರಡೇ. ಆಡಿದೆವು, ಸೋತೆವು, ಎರಡನೇ ಸ್ಥಾನದ ಕಪ್ಪು ಕೊಟ್ಟರು. ಹುಡುಗರು ರೈಲಿನಿಂದಲೇ ಕಪ್ಪಿನ ಫೋಟೋ ಊರಿಗೆ ಕಳಿಸಿಬಿಟ್ಟರು.

ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಸಿಂಗರಿಸಿದ ಟ್ರ್ಯಾಕ್ಟರ್, ಹಲಗಿ ಮೇಳ, ಗುಲಾಲು, ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು. ನಮ್ಮ ಕಡೆ ಮಾಲೆ ಒಮ್ಮೆ ಕಟ್ಟಿಸಿದ ಮೇಲೆ ಅದು ಯಾರದಾದರೂ ಕೊರಳಿಗೆ ಬೀಳಲೇಬೇಕು. ನನಗೆ ಏಳು ಬಿದ್ದವು. ನಿಜ ಹೇಳಿಬಿಡೋಣ ಎಂದು ಮೈಕು ಹಿಡಿದೆ. ಎದುರಿಗೆ ಹುಡುಗರ ತಂದೆತಾಯಿಗಳು ಕೈ ಮುಗಿದು ನಿಂತಿದ್ದರು. “ಎಲ್ಲಾ ನಿಮ್ಮ ಆಶೀರ್ವಾದ್ರಿ” ಎಂದು ಕೆಳಗಿಳಿದೆ.

ಅಲ್ಲಿ ಹೂವಿನ ಅಂಗಡಿಯವರು, ಆಟವೆಂದರೆ ಜೀವ ಬಿಡುವ ಮನುಷ್ಯ, ಕಕ್ಕುಲಾತಿಯಿಂದ ಕೇಳಿದರು: “ಮೂರನೇದವರು ಯಾರ್ರಿ, ಸರ್ರ?”

“ಅವರಿನ್ನೂ ಬಂದಿಲ್ರಿ” ಎಂದೆ.

ಹೊಳ್ಳಿ ಬಾ

ಇನ್ನು ಆ ಪಂದ್ಯದಲ್ಲಿ ಆದದ್ದು.

ನಮ್ಮಲ್ಲಿ ಒಬ್ಬ ನಿಜವಾದ ಓಟಗಾರನಿದ್ದ, ಇಂಡಿ ತಾಲೂಕಿನ ಅಗರಖೇಡದವನು. ಕಬಡ್ಡಿಯಲ್ಲಿ ಎದುರಾಳಿಗಳ ಅಂಗಳಕ್ಕೆ ಹೋಗಿ, ಮುಟ್ಟಿ, ಉಸಿರು ಬಿಡದೆ ವಾಪಸ್ ಬರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಪಂದ್ಯದ ಕೊನೆಯಲ್ಲಿ ನಮ್ಮವನೊಬ್ಬ ಎಸೆದ ಚೆಂಡು ಸೀದಾ ಇವನ ಕೈಗೆ ಬಂತು. ಮುಂದೆ ಇಬ್ಬರೇ ಎದುರಾಳಿಗಳು. ಇಬ್ಬರನ್ನೂ ತಪ್ಪಿಸಿಕೊಂಡ. ಹೋಗುತ್ತಾ ಅಭ್ಯಾಸಬಲದಿಂದ ಇಬ್ಬರ ಬೆನ್ನನ್ನೂ ಮುಟ್ಟಿದ. ಮುಂದೆ ಮೈದಾನ ಖಾಲಿ. ಹಾಗೇ ಓಡಿ ಕೊನೆಯ ಗೆರೆ ದಾಟಿದ್ದರೆ ನಮ್ಮ ತಂಡದ ಇತಿಹಾಸದ ಮೊದಲ ಅಂಕಗಳು ಅವನವು.

ಅವನು ಒಂದು ಗಳಿಗೆ ನಿಂತು ನನ್ನ ಕಡೆ ನೋಡಿದ.

ಇಬ್ಬರನ್ನು ಮುಟ್ಟಿದ್ದನ್ನು ನಾನು ನೋಡಿದ್ದೆ. ಇಪ್ಪತ್ತು ವರ್ಷ ಕಬಡ್ಡಿ ಕಲಿಸಿದ ಗಂಟಲು ನನ್ನದು. ಎದ್ದು ನಿಂತು, ಎರಡೂ ಕೈ ಬೀಸಿ, ಒದರಿದೆ: “ಹೊಳ್ಳಿ ಬಾರೋ! ಹೊಳ್ಳಿ ಬಾ!”

ಬಂದ. ಎಂಥ ಓಟ ಅದು. ನಮ್ಮ ತುದಿಯ ಗೆರೆ ದಾಟಿ, ನೆಲ ಮುಟ್ಟಿ ಹಣೆಗೆ ಒತ್ತಿಕೊಂಡ. ನಮ್ಮವರೆಲ್ಲ ಅವನನ್ನು ಎತ್ತಿಕೊಂಡು ಕುಣಿದರು. ನಿರ್ಣಾಯಕರು ಎದುರಿನವರಿಗೆ ಎರಡು ಅಂಕ ಕೊಟ್ಟರು. ನಾನು ಜಗಳಕ್ಕೂ ಹೋದೆ. ಚೆಂಡು ಹಿಡಿದು ತನ್ನದೇ ತುದಿಯ ಗೆರೆ ದಾಟಿದರೆ ಅಂಕ ಎದುರಾಳಿಗೆ ಎಂದು ಅವರು ನಿಯಮಗಳ ಪುಸ್ತಕ ತೆಗೆದು ತೋರಿಸಿದರು, ನನಗೆ ಕಳಿಸಿದ್ದ ಅದೇ ಪುಸ್ತಕ.

ಪಂದ್ಯದ ವರದಿಯಲ್ಲಿ ನಾನು, “ಆಟಗಾರನೊಬ್ಬನ ದಿಕ್ಕು ತಪ್ಪಿದ್ದರಿಂದ ಸೋಲಾಯಿತು” ಎಂದು ಬರೆದೆ. ಅಷ್ಟೇ ಸಾಕಾಯಿತು. ನಾಲ್ಕೂ ತಾಲೂಕಿನಲ್ಲಿ ಅವನಿಗೆ ‘ಉಲ್ಟಾ’ ಎಂದು ಹೆಸರು ಬಿತ್ತು. ಅವನಿಗೆ ಹೆಣ್ಣು ನೋಡಲು ಮುದ್ದೇಬಿಹಾಳಕ್ಕೆ ಹೋದಾಗ ಗುರುಗಳೆಂದು ನನ್ನನ್ನೂ ಕರೆದೊಯ್ದಿದ್ದರು. ಹುಡುಗಿಯ ಸೋದರಮಾವ ನಗುತ್ತಾ ಕೇಳಿದ: “ಲಗ್ನದ ದಿನ ಹಂದರಕ್ಕ ಬರ್ತಾನೋ, ಹಾದ್ಯಾಗಿಂದ ಹೊಳ್ಳಿ ಮನಿಗಿ ಹೋಗ್ತಾನೋ?” ಎಲ್ಲರೂ ನಕ್ಕರು, ಅವನೂ ತಲೆ ಬಗ್ಗಿಸಿ ನಕ್ಕ. ಅಲ್ಲಿಯಾದರೂ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ, ಅವಲಕ್ಕಿ ಹಾಕಿಕೊಳ್ಳಲು. ಆ ಅವಲಕ್ಕಿ ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಅದೇ ಹುಡುಗಿಯೊಂದಿಗೆ ಲಗ್ನವಾಯಿತು. ಈಗ ಅವನು ಮೋರಟಗಿಯ ಸಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಸ್ಮರಣ ಸಂಚಿಕೆಯ ಹಾಳೆ ಹಿಡಿದು ಹೋದ ವಾರ ಅಲ್ಲಿಗೆ ಹೋದೆ. ಮೈದಾನದ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿದ. ನಾನು ಕೂರಲಿಲ್ಲ.

“ಅವತ್ತ ಹೊಳ್ಳಿ ಬಾ ಅಂತ ಒದರಿದಾಂವ ನಾನು. ನಿನಗ ಕೇಳಿತ್ತೇನು?”

“ಕೇಳಿತ್ರಿ, ಸರ್ರ. ಅಷ್ಟು ಗದ್ದಲದಾಗ ನಿಮ್ಮದೊಂದ ದನಿ ಕೇಳಿತ್ತು.”

“ಮತ್ತ ಇಷ್ಟು ವರ್ಷ ಯಾರ ಮುಂದೂ ಯಾಕ ಹೇಳಲಿಲ್ಲ?”

“ಗುರುಗಳ ಮ್ಯಾಲ ಹೆಂಗ ಹಾಕೂದ್ರಿ? ನೀವ ಹೇಳ್ತೀರಿ ಅಂತ ಕಾದೆ.”

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಅವನೇ ಹಾಳೆ ಇಸಿದುಕೊಂಡು ನೋಡಿದ. ಸಾಧನೆಯ ಕೆಳಗೆ ಖಾಲಿ ಇತ್ತು.

“ಸರ್ರ, ತಪ್ಪು ತಿಳೀಬ್ಯಾಡ್ರಿ. ಇಲ್ಲಿ ಒಂದ ಮಾತು ಬರೀತೀರೇನ್ರಿ? ಅವತ್ತ ನನ್ನ ಯಾರೂ ಹಿಡೀಲಿಲ್ಲ.”

ಹಿಡಿಯಲು ಯಾರೂ ಬಂದಿರಲಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಲ್ಲೇ ತೊಡೆಯ ಮೇಲಿಟ್ಟುಕೊಂಡು ಬರೆದೆ: “ನಮ್ಮ ಆಟಗಾರನೊಬ್ಬ ಚೆಂಡು ಹಿಡಿದು ಮುಕ್ಕಾಲು ಮೈದಾನ ಓಡಿದ್ದು, ಯಾರ ಕೈಗೂ ಸಿಗಲಿಲ್ಲ.” ಕೆಳಗೆ ಅವನ ಪೂರ್ತಿ ಹೆಸರು ಹಾಕಿದೆ.

ನಿನ್ನೆ ಕ್ರೀಡಾ ವಿಭಾಗದಿಂದ ಫೋನ್ ಬಂತು.

“ಸರ್ರ, ಸಾಧನೆ ಬಾಳ ಚಲೋ ಐತಿ. ಆದ್ರ ಯಾವ ದಿಕ್ಕಿಗೆ ಓಡಿದ ಅಂತ ಬರದಿಲ್ಲಲ್ರಿ?”

“ಕೋಚ್ ಹೇಳಿದ ದಿಕ್ಕಿಗೆ ಅಂತ ಬರಕೊಳ್ರಿ” ಎಂದೆ.