ಸಿಡಿ ಅವರದು, ಸಿಡಿಮಿಡಿ ನನ್ನದು

ಬರುವ ಭಾನುವಾರ ಮುಗಿಯುವುದರೊಳಗೆ ನನ್ನ ಷಡ್ಡಕನ ಹೊಸ ಸಿಡಿ ಪ್ಲೇಯರಿನ ಮಾನವನ್ನು ಮೂರು ಕಾಸಿಗೆ ಹರಾಜು ಹಾಕದಿದ್ದರೆ ಈ ಜನ್ಮದಲ್ಲಿ ಮತ್ತೆ ಬಾಯಿ ತೆರೆಯುವುದಿಲ್ಲ! ಹೀಗೆಂದು ಕನ್ನಡಿಯ ಮುಂದೆ ನಿಂತು, ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡು, ರೇಜರನ್ನು ಖಡ್ಗದಂತೆ ಎತ್ತಿ ಹಿಡಿದು ಭೀಷಣ ಪ್ರತಿಜ್ಞೆ ಮಾಡಿದೆ. ಬಾಯಿ ತೆರೆಯುವುದಿಲ್ಲ ಎಂದರೆ ನನ್ನ ಪಾಲಿಗೆ ಸಣ್ಣ ಮಾತಲ್ಲ. ಏಕೆಂದರೆ ನಾನು ಬಸ್ ನಿಲ್ದಾಣದಲ್ಲಿ ಅನೌನ್ಸರ್. "ಪ್ರಯಾಣಿಕರ ಗಮನಕ್ಕೆ!" ಎಂದು ಮೇಲಿನಿಂದ ಗುಡುಗುವ ದನಿ ನನ್ನದೇ. ನಾನು ಹೇಳಿದ್ದು ಒಂದಕ್ಷರವೂ ತಿಳಿಯುವುದಿಲ್ಲವೆಂದು ಕೆಲವರು ಆಡಿಕೊಳ್ಳುತ್ತಾರೆ. ಅದು ಅವರ ಕಿವಿಯ ದೋಷ, ನನ್ನದಲ್ಲ.

ಇನ್ನು ಷಡ್ಡಕ. ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಹಲ್ಲಿನ ಡಾಕ್ಟರು. ಊರಿನವರಿಗೆಲ್ಲ "ಆ ಅನ್ನಿ" ಎಂದು ಬಾಯಿ ತೆರೆಸಿ, ತಾನು ಮಾತ್ರ ಬಾಯಿಗೆ ಬೀಗ ಜಡಿದುಕೊಂಡಿರುವ ಪುಣ್ಯಾತ್ಮ. ಮಾತು ಮುತ್ತು ಅನ್ನುತ್ತಾರಲ್ಲ, ಈತ ಆ ಮುತ್ತನ್ನು ಲಾಕರಿನಲ್ಲಿಟ್ಟು ಕೀಲಿ ಕಳೆದುಕೊಂಡಿದ್ದಾನೆ. ಇಂಥವನು ಎಲ್ಲಿಂದಲೋ ಒಂದು ಭಾರೀ ಸಿಡಿ ಪ್ಲೇಯರ್ ತರಿಸಿಕೊಂಡ. ಅದರ ಮೈ ಕಪ್ಪು, ಅದರ ಗುಂಡಿ ಬೆಳ್ಳಿ. ಮೇಜಿನ ಮೇಲೆ ಇಟ್ಟರೆ ಅದಕ್ಕೆ ನಡುಕ ಹತ್ತುತ್ತದಂತೆ! ಹಾಗಾಗಿ ಅದು ಕೂರಲು ನುಣ್ಣನೆಯ ಒಂದು ಕಲ್ಲಿನ ಹಲಗೆ ಬೇರೆ. ಮದುಮಗನಿಗೂ ಇಷ್ಟು ಉಪಚಾರ ನಡೆಯುವುದಿಲ್ಲ.

ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ? ಯಂತ್ರದ ಮೇಲಲ್ಲ, ಅದರ ಮುಂದೆ ಹೋಗಿ ಕೂರುವ ನನ್ನ ಹೆಂಡತಿಯ ಭಾನುವಾರಗಳ ಮೇಲೆ. ಮದುವೆಯಾದ ವರ್ಷ ನಾವಿಬ್ಬರೂ ಆರಿಸಿ ಕೊಂಡ ಸಿಡಿ ಒಂದಿದೆ. ಒಬ್ಬ ಗಾಯಕಿ, ಒಂದು ಪಿಟೀಲು, ಅಷ್ಟೇ. ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಹಳೆಯ ಪ್ಲೇಯರಿನಲ್ಲಿ ಅದರ ಮೊದಲ ಹಾಡು ಕೇಳುವುದು ನಮ್ಮ ಮನೆಯ ಪದ್ಧತಿ. ಪ್ಲೇಯರಿಗೆ ಒಂದು ಚಾಳಿಯಿದೆ: ಹಾಡು ಮುಗಿದೊಡನೆ ನಿಲ್ಲಿಸದಿದ್ದರೆ ಅದೇ ಹಾಡನ್ನು ಮೊದಲಿಂದ ಶುರುಮಾಡುತ್ತದೆ. ಅದಕ್ಕೂ ನಾನು ಕಳೆ ಕೊಡುತ್ತಿದ್ದೆ. "ಗಮನಿಸಿ! ಇದೇ ಹಾಡು ಕೆಲವೇ ಕ್ಷಣಗಳಲ್ಲಿ ಮತ್ತೊಮ್ಮೆ ಹೊರಡಲಿದೆ!" ಹಾಡಿನ ನಡುನಡುವೆ "ಆಹಾ", "ಈಗ ನೋಡು ತಿರುವು", "ಪಿಟೀಲು ಎಡದಿಂದ ಬರ್ತಿದೆ" ಎಂದು ದಾರಿ ತೋರಿಸುತ್ತಿದ್ದವನೂ ನಾನೇ. ಇಷ್ಟೆಲ್ಲ ಸೇವೆ ಬಿಟ್ಟಿ!

ಅಂಥ ಹೆಂಡತಿ ಈಗ ನಮ್ಮ ಸಿಡಿಯನ್ನೇ ಕೈಚೀಲಕ್ಕೆ ಹಾಕಿಕೊಂಡು ಪ್ರತಿ ಭಾನುವಾರ ಅಕ್ಕನ ಮನೆಗೆ ಹೊರಡುತ್ತಾಳೆ. ಬಂದವಳ ಮುಖದಲ್ಲಿ ಬೆಳದಿಂಗಳು.

"ರೀ, ಹಾಡಿನ ಕೊನೇಲಿ ಅವಳು ಸಣ್ಣಗೆ ನಗ್ತಾಳೆ ಕಣ್ರೀ!"

"ಯಾರು?"

"ಹಾಡೋಳು! ಉಸಿರು ಎಳ್ಕೊಂಡು, ಹೀಗೆ, ತುಟಿಯೊಳಗೇ. ಇಷ್ಟು ವರ್ಷ ಕೇಳಿದೀನಿ, ಒಂದು ದಿನಾನೂ ಗೊತ್ತಾಗಿರಲಿಲ್ಲ. ಭಾವನ ಪ್ಲೇಯರ್‌ನಲ್ಲಿ ಎಷ್ಟು ಸ್ಪಷ್ಟ ಗೊತ್ತಾ!"

"ನಮ್ಮದರಲ್ಲಿ ಯಾಕೆ ನಗಲ್ಲ ಅವಳು?"

"ನಮ್ಮದು ಡಬ್ಬ ಬಡಿದ ಹಾಗೆ. ಅದರಲ್ಲಿ ಯಾರು ತಾನೆ ನಗ್ತಾರೆ?"

ಕಿವಿಗೆ ಕಾದ ಸೀಸ ಹೊಯ್ದ ಹಾಗಾಯಿತು! ಸಿಡಿ ನಮ್ಮದು, ಹೆಂಡತಿ ನನ್ನವಳು, ನಗು ಮಾತ್ರ ಅವರ ಮನೆಯಲ್ಲಿ! ತಕ್ಷಣ ಫೋನ್ ಎತ್ತಿಕೊಂಡೆ.

"ಡಾಕ್ಟ್ರೇ, ನಿಮ್ಮ ಪ್ಲೇಯರಿಗೂ ನಮ್ಮ ಪ್ಲೇಯರಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಅಂತೀನಿ. ಪರೀಕ್ಷೆಗೆ ತಯಾರಾ?"

"ಹ್ಞೂಂ," ಎಂದಿತು ಆ ಕಡೆ.

ಷರತ್ತುಗಳನ್ನೆಲ್ಲ ನಾನೇ ರಚಿಸಿದೆ. ನಮ್ಮ ಮನೆಯ ಹಾಲಿನ ನಡುವೆ ಅಡ್ಡ ಹಗ್ಗ, ಹಗ್ಗಕ್ಕೆ ಬೆಡ್‌ಶೀಟು. ಶೀಟಿನ ಹಿಂದೆ ಎರಡು ಪ್ಲೇಯರು, ಎರಡಕ್ಕೂ ನಮ್ಮದೇ ಸ್ಪೀಕರು, ಜೊತೆಗೆ ನಾನು. ಒಂದರಲ್ಲಿ ಹಾಡು ಮುಗಿದ ಮೇಲೆ ಸಿಡಿ ತೆಗೆದು ಇನ್ನೊಂದಕ್ಕೆ ಹಾಕುವುದು, ಯಾವುದು ಮೊದಲು ಎಂಬುದು ರಹಸ್ಯ. ಈಚೆ ಕೂತವರು ಯಾವುದು ಯಾರದೆಂದು ಹೇಳಬೇಕು. ನಾನು ಗೆದ್ದರೆ ಹೆಂಡತಿಯ ಭಾನುವಾರ ನಮ್ಮ ಮನೆಯಲ್ಲಿ, ಸೋತರೆ ಭಾವನ ಮನೆಯಲ್ಲಿ, ಶಾಶ್ವತವಾಗಿ! ಕೊನೆಯ ಷರತ್ತನ್ನು ಹೆಂಡತಿಯೊಡನೆ ಅವರ ಮನೆಗೇ ಹೋಗಿ ನಿಲ್ದಾಣದ ದನಿಯಲ್ಲಿ ಓದಿದೆ: "ಪರದೆಯ ಹಿಂದಿರುವವನು ತುಟಿ ಪಿಟಕ್ಕೆನ್ನಬಾರದು. ಎಂದರೆ ಸುಳಿವು ಕೊಟ್ಟಂತೆ, ಸುಳಿವು ಕೊಟ್ಟರೆ ಸೋತಂತೆ!"

ಹೆಂಡತಿ ಬೆರಗಾಗಿ ನೋಡಿದಳು. "ನೀವು? ಒಂದು ಹಾಡು ಮುಗಿಯೋವರೆಗೂ?"

"ಒಂದಲ್ಲ, ಎರಡು!" ಎಂದೆ. ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಕೆಮ್ಮಿದರು.

ಭಾನುವಾರ ಬಂತು. ಡಾಕ್ಟರು ಪ್ಲೇಯರನ್ನು ಹಸುಗೂಸಿನಂತೆ ಅಪ್ಪಿಕೊಂಡು ಬಂದರು, ಹಿಂದೆ ಕಲ್ಲು ಹೊತ್ತ ಅವರ ಹೆಂಡತಿ, ಅಂದರೆ ನನ್ನ ಅತ್ತಿಗೆ. ನಮ್ಮಲ್ಲಿದ್ದ ಸ್ಟೂಲಿನ ಮೇಲೆ ಕಲ್ಲು, ಕಲ್ಲಿನ ಮೇಲೆ ಯಂತ್ರರಾಜ. ಪಕ್ಕದ ಪೆಟ್ಟಿಗೆಯ ಮೇಲೆ ನಮ್ಮ ಡಬ್ಬ. ನಾನು ಚಕ್ಕಳಮಕ್ಕಳ ಹಾಕಿ ನಡುವೆ ಕೂತು ಮೊದಲು ನಮ್ಮದನ್ನೇ ಹಚ್ಚಿದೆ.

ಹಾಡು ಹೊರಟಿತು. ಅಯ್ಯೋ, ಸುಮ್ಮನಿರುವುದು ಇಷ್ಟು ಕಷ್ಟವೆಂದು ಯಾರಿಗೆ ಗೊತ್ತಿತ್ತು! ಪಿಟೀಲು ಎಡದಿಂದ ಬಂತು, ಹೇಳುವ ಹಾಗಿಲ್ಲ. ತಿರುವು ಬಂತು, ತೋರಿಸುವ ಹಾಗಿಲ್ಲ. ಗಂಟಲಲ್ಲಿ "ಆಹಾ"ಗಳು ಸಾಲುಗಟ್ಟಿ ನಿಂತವು. ಹೇಗೋ ಹಲ್ಲು ಕಚ್ಚಿ ಕೂತೆ. ಆದರೆ ಹಾಡು ಮುಗಿಯುವ ಹೊತ್ತಿಗೆ ಅಭ್ಯಾಸಬಲ ನೋಡಿ, ಬಾಯಿ ತಾನಾಗಿ "ಗಮ..." ಎಂದು ತೆರೆದುಕೊಂಡಿತು! ಥಟ್ಟನೆ ಅಂಗೈಯಿಂದ ಮುಚ್ಚಿಕೊಂಡೆ. ಆ ರಭಸಕ್ಕೆ ಮೊಣಕೈ ಹೋಗಿ ಸ್ಟೂಲಿಗೆ ಬಡಿಯಿತು. ಸ್ಟೂಲು ವಾಲಿತು, ಕಲ್ಲು ಜಾರಿತು, ಯಂತ್ರರಾಜ ಹಾರಿದ. ನಾನು ಎರಡೂ ಕೈ ಚಾಚಿ ಅವನನ್ನು ಎದೆಗವುಚಿಕೊಂಡೆ. ಕಲ್ಲಿಗೆ ಮಾತ್ರ ಕೈ ಸಾಲಲಿಲ್ಲ, ಕಾಲು ಸಿಕ್ಕಿತು.

ಧಡ್!

ಹೆಬ್ಬೆರಳಿನ ಮೇಲೆ! ಕಣ್ಣಲ್ಲಿ ನಕ್ಷತ್ರ, ಕಿವಿಯಲ್ಲಿ ಜೀರುಂಡೆ. ಕಿರುಚಿದರೆ ಭಾನುವಾರ ಹೋಯಿತು. ಪ್ಲೇಯರನ್ನು ಕೆಳಗಿಡೋಣವೆಂದರೆ ಬಗ್ಗಲಾಗದು, ಕಲ್ಲೆತ್ತೋಣವೆಂದರೆ ಕೈ ಖಾಲಿಯಿಲ್ಲ.

"ಏನದು ಸದ್ದು?" ಅತ್ತಿಗೆಯ ದನಿ.

"ಬೇಸ್," ಎಂದರು ಡಾಕ್ಟರು ಗಂಭೀರವಾಗಿ, ಹಾಡಿನ ತಗ್ಗು ದನಿಯ ಗುಡುಗೆಂಬಂತೆ. "ನಮ್ಮದು ಶುರುವಾಯ್ತು."

ಹೌದು, ಶುರುವಾಗಿತ್ತು. ಮೊದಲ ಸಲದ ಕೊನೆ ಆ ಸದ್ದಿನಲ್ಲೇ ಮುಳುಗಿಹೋಗಿ, ನಿಲ್ಲಿಸುವವರಿಲ್ಲದೆ ನಮ್ಮ ಡಬ್ಬ ತನ್ನ ಚಾಳಿಯಂತೆ ಅದೇ ಹಾಡನ್ನು ಎರಡನೆಯ ಸಲ ಎತ್ತಿಕೊಂಡಿತ್ತು! ಯಾವ ಯಂತ್ರದ ಹೆಸರು ಕೇಳಿದರೆ ನನ್ನ ಮೈ ಉರಿಯುತ್ತಿತ್ತೋ ಅದನ್ನೇ ಕಂದನಂತೆ ಎದೆಗೊತ್ತಿಕೊಂಡು, ಕಾಲ ಮೇಲೆ ಕಲ್ಲು ಹೇರಿಕೊಂಡು, ಕಣ್ಣೀರು ಧಾರೆಯಾಗಿ ಇಳಿಸುತ್ತಾ, ಉಸಿರನ್ನೂ ಅಳೆದು ಬಿಡುತ್ತಾ ಕೂತೆ. ಪರದೆಯ ಆಚೆಯಿಂದ ಮಾತುಗಳು ಬರುತ್ತಿದ್ದವು.

"ಆಳ ಇದೆ," ಡಾಕ್ಟರು.

"ಮೊದಲನೇದಕ್ಕೂ ಇದಕ್ಕೂ ಅಜಗಜಾಂತರ," ಅತ್ತಿಗೆ.

"ಗಾಳಿ ಇದೆ," ಡಾಕ್ಟರು. ಹಾಡಿನಲ್ಲಿ ಗಾಳಿ ಇದ್ದರೆ ಏನಾಗುತ್ತದೋ ನನಗಿಂದಿಗೂ ತಿಳಿದಿಲ್ಲ.

ಹಾಡು ಮುಗಿಯುತ್ತಾ ಬಂತು. ಗಾಯಕಿ ಉಸಿರೆಳೆದುಕೊಂಡಳು. ಆಮೇಲೆ ಮೆಲ್ಲಗೆ, ತುಟಿಯೊಳಗೇ, ನಕ್ಕಳು! ನಮ್ಮ ಡಬ್ಬದಲ್ಲಿ! ನೋವಿನ ನಡುವೆಯೂ ನನ್ನ ರೋಮ ನಿಮಿರಿತು.

"ಕೇಳ್ತಾ ಅಕ್ಕಾ, ನಗು?" ಹೆಂಡತಿಯ ದನಿ ತುಂಬಿ ಬಂದಿತ್ತು. "ಇದೇ ಭಾವನ ಪ್ಲೇಯರು. ಸಂಶಯಾನೇ ಇಲ್ಲ."

"ಸಂಶಯ ಇಲ್ಲ," ಡಾಕ್ಟರ ಮೊಹರೂ ಬಿತ್ತು.

ಇನ್ನು ತಡೆಯಲಾಗಲಿಲ್ಲ. "ಪ್ರಯಾಣಿಕರ ಗಮನಕ್ಕೇ!" ಎಂದು ಸೂರು ಹಾರುವಂತೆ ಕೂಗಿದೆ. ಹಲ್ಲಿನಿಂದ ಬೆಡ್‌ಶೀಟನ್ನು ಕಚ್ಚಿ ಎಳೆದೆ, ಹಗ್ಗಸಮೇತ ತಲೆ ಮೇಲೆ ಬಿತ್ತು. ಶೀಟಿನೊಳಗಿಂದಲೇ ಗರ್ಜಿಸಿದೆ: "ಎರಡು ಸಲವೂ ಹಾಡಿದ್ದು ನಮ್ಮ ಡಬ್ಬ! ಡಾಕ್ಟರ ಪ್ಲೇಯರು ನನ್ನ ತೋಳಲ್ಲಿದೆ! ಸಿಡಿ ಎಲ್ಲಿದೆ, ತೆಗೆದು ನೋಡಿ! ಮೊದಲು ಈ ಕಲ್ಲು ತೆಗೀರಿ!"

ಶೀಟು ಸರಿಸಿದರು, ಕಲ್ಲು ಸರಿಸಿದರು. ಡಾಕ್ಟರು ಮೊದಲು ತಮ್ಮ ಯಂತ್ರದ ಮೈ ತಡವಿ, ಆಮೇಲೆ ನನ್ನ ಹೆಬ್ಬೆರಳನ್ನು ನೋಡಿ, "ಹಲ್ಲಲ್ಲ," ಎಂದು ಕೈಬಿಟ್ಟರು. ಅತ್ತಿಗೆ ನಮ್ಮ ಡಬ್ಬದ ಬಾಯಿ ತೆರೆದರು. ಒಳಗೆ ನಮ್ಮ ಸಿಡಿ ತಣ್ಣಗೆ ಮಲಗಿತ್ತು.

ನಾನು ಒಂಟಿ ಕಾಲಲ್ಲಿ ನಿಂತು ಎದೆಯುಬ್ಬಿಸಿದೆ. "ಏನಂತೀಯ ಈಗ? ಆ ನಗು ನಮ್ಮದರಲ್ಲೂ ಇತ್ತಲ್ಲ! ಮೊದಲಿಂದಲೂ ಇತ್ತಲ್ಲ!"

ಹೆಂಡತಿ ಡಬ್ಬವನ್ನು ನೋಡಿದಳು, ನನ್ನನ್ನು ನೋಡಿದಳು.

"ಇತ್ತು ರೀ. ಆದ್ರೆ ಅವಳು ನಗೋ ಹೊತ್ತಿಗೆ ಸರಿಯಾಗಿ ನೀವು 'ಗಮನಿಸಿ, ಇದೇ ಹಾಡು ಮತ್ತೊಮ್ಮೆ ಹೊರಡಲಿದೆ' ಅಂತ ಶುರು ಹಚ್ಕೋತಿದ್ರಿ. ನಾನು ಹೇಗೆ ಕೇಳಿಸ್ಕೊಳ್ಳಲಿ?"

ನನ್ನ ಎದೆ ಗಾಳಿ ಹೋದ ಬಲೂನಿನಂತೆ ಇಳಿಯಿತು.

"ಅಂದ್ರೆ ಭಾವನ ಪ್ಲೇಯರು..."

"ಅದಕ್ಕೂ ಇದಕ್ಕೂ ವ್ಯತ್ಯಾಸ ಏನೂ ಇಲ್ಲ, ನೀವು ಹೇಳಿದ್ದೇ ಸರಿ. ವ್ಯತ್ಯಾಸ ಇರೋದು ಪಕ್ಕದಲ್ಲಿ ಕೂತವರಲ್ಲಿ. ಭಾವ ಬಾಯಿ ಮುಚ್ಕೊಂಡು ಕೇಳ್ತಾರೆ."

ಅತ್ತಿಗೆ ಮತ್ತೆ ಕೆಮ್ಮಿದರು. ಡಾಕ್ಟರು ಗಂಟಲು ಸರಿಪಡಿಸಿಕೊಂಡು, ನಾನು ಕಂಡಂತೆ ಜೀವಮಾನದ ಅತಿ ಉದ್ದದ ಮಾತಾಡಿದರು: "ನಮ್ಮ ಕ್ಲಿನಿಕ್ಕಿನಲ್ಲಿ ಒಳ್ಳೇ ಹತ್ತಿ ಇದೆ. ಬಾಯೊಳಗೆ ಇಟ್ಕೊಂಡ್ರೆ ನೋವೇನೂ ಆಗಲ್ಲ."

ಷರತ್ತು ಷರತ್ತೇ. ನಾನು ಗೆದ್ದೆ! ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಹೆಂಡತಿಯ ಭಾನುವಾರ ಈಗ ನಮ್ಮ ಮನೆಯಲ್ಲೇ. ಅಷ್ಟೇ ಅಲ್ಲ, ನಮ್ಮ ಡಬ್ಬದಲ್ಲಿ "ಗಾಳಿ" ಹೆಚ್ಚೆಂದು ಡಾಕ್ಟರೂ ಇಲ್ಲಿಗೇ ಬರುತ್ತಾರೆ, ಬಂದು ನನ್ನ ಕುರ್ಚಿಯಲ್ಲೇ ಕೂರುತ್ತಾರೆ. ನಾನು ಮೂಲೆಯಲ್ಲಿ, ಬ್ಯಾಂಡೇಜಿನ ಕಾಲನ್ನು ದಿಂಬಿನ ಮೇಲಿಟ್ಟುಕೊಂಡಿರುತ್ತೇನೆ. ಹಾಡು ಮುಗಿಯುತ್ತದೆ, ಗಾಯಕಿ ಸಣ್ಣಗೆ ನಗುತ್ತಾಳೆ. ಯಾರನ್ನು ನೋಡಿ ನಗುತ್ತಾಳೆಂದು ಈಗ ನನಗೆ ಚೆನ್ನಾಗಿ ಗೊತ್ತು.

"ಎಷ್ಟು ಚೆನ್ನಾಗಿ ಕೇಳ್ಸತ್ತೆ ಅಲ್ವೇನ್ರೀ ನಮ್ಮದು?" ಎನ್ನುತ್ತಾಳೆ ಹೆಂಡತಿ ಅಕ್ಕರೆಯಿಂದ.

ಉತ್ತರ ಕೊಡೋಣವೆಂದರೆ ಬಾಯಿ ತುಂಬ ಹತ್ತಿ!