ಬೇಲಿಯಾಚೆಯ ಕ್ರಿಯಾಪದ

ಹನ್ನೆರಡು ವರ್ಷ ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತವನು ನಾನು. ಒಂದೇ ಮೂಲದ ಸುದ್ದಿಯನ್ನು, ಎರಡನೆಯ ಮೂಲದಿಂದ ಖಚಿತಪಡಿಸಿಕೊಳ್ಳದೆ, ಎಂದೂ ಪುಟಕ್ಕೆ ಬಿಟ್ಟವನಲ್ಲ. ಈ ಶಿಸ್ತು ವಲಸೆ ಬಂದ ಈ ವಿದೇಶಿ ಊರು ಪಾಮರ್ಸ್ಟನ್ ನಾರ್ತ್‌ನಲ್ಲೂ ನನ್ನನ್ನು ಕಾಪಾಡುತ್ತದೆ ಎಂದು ನಂಬಿದ್ದೆ.

ಪಕ್ಕದ ಮನೆಯ ಸ್ಟಾವ್ರೊಸ್ ಅಂಕಲ್ ಗ್ರೀಸಿನವರು. ಶನಿವಾರ ಮಧ್ಯಾಹ್ನ ಬೇಲಿಯ ಆಚೆ ಅವರು, ಈಚೆ ನಾನು ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ನಿದ್ದೆಯಲ್ಲಿ ಕೈ ಬೀಸಿದಂತೆ ತಿರುಗುತ್ತಿದ್ದವು. ಮೋಡಗಳಿಗೂ ಅವಸರವಿರಲಿಲ್ಲ. ಆ ಮಂಪರಿನಲ್ಲಿ ಅಂಕಲ್ ನನಗೆ ಕಲಿಸಿದ ಗ್ರೀಕ್ ಕ್ರಿಯಾಪದ ಒಂದೇ: 'ಕ್ಲಾನೊ'. ಅರ್ಥ, ಹೂಸು ಬಿಡುತ್ತೇನೆ. ಅವರ ನುಡಿಗಟ್ಟಿನಲ್ಲಿ ವಿಪರೀತ ಹೆದರಿದವನು 'ಪೆಪ್ಪರ್‌ಮಿಂಟ್ ಹೂಸುತ್ತಾನೆ'. 'ನಮ್ಮ ಮೇಲೆ ಹೂಸು' ಎಂದರೆ ತೊಲಗಾಚೆ ಎಂದು. ಅರೆಗಣ್ಣಿನಲ್ಲಿ ಎಲ್ಲವನ್ನೂ ಬರೆದುಕೊಂಡೆ. ಶಾಲೆಯಲ್ಲಿ ಇಷ್ಟು ಮಧುರವಾದ ಪಾಠ ನನಗೆ ಸಿಕ್ಕಿರಲಿಲ್ಲ!

ನನ್ನ ಹೆಂಡತಿ ವಸುಧಾ ನರ್ಸ್. ರಜೆ ಮುಗಿದು ಆಸ್ಪತ್ರೆಗೆ ಮರಳಬೇಕಿತ್ತು. ಎಂಟು ತಿಂಗಳ ಮಗಳನ್ನು ನೋಡಿಕೊಳ್ಳಲು ಅಂಕಲ್ ಹೆಂಡತಿ ಎಲೆನಿ ಆಂಟಿ ಒಪ್ಪಬೇಕಿತ್ತು. ಕೇಳಲೆಂದೇ ಇಬ್ಬರನ್ನೂ ಊಟಕ್ಕೆ ಕರೆದೆವು.

"ರೀ, ನೀವು ಬಡಿಸಿ ಸುಮ್ನಿರಿ. ಮಾತಾಡೋದು ನಾನು," ಎಂದಳು ವಸುಧಾ.

"ನಾನೇನು ಮಗೂನಾ?"

"ಮಗು ಇನ್ನೂ ಮಾತಾಡಲ್ಲ. ಅದೇ ವಾಸಿ."

ಬಿಸಿಬೇಳೆಬಾತ್ ಮುಗಿಯುವ ಹೊತ್ತಿಗೆ ವಸುಧಾ ವಿಷಯ ಕೇಳಿದ್ದಳು; ಆಂಟಿ ಹೂಂ ಅನ್ನುವುದಷ್ಟೇ ಬಾಕಿ. ಆಂಟಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಏನೋ ಗುನುಗುತ್ತಿದ್ದರು. ಪರದೆಯಲ್ಲಿ ಬಿಸಿಲು ಸೋಸಿ ಬರುತ್ತಿತ್ತು. ಎಲ್ಲವೂ ಕನಸಿನಷ್ಟು ಸರಿಯಾಗಿತ್ತು. ಆಗ ಹೊಳೆಯಿತು: ಎರಡನೆಯ ಮೂಲ ಎದುರಿಗೇ ಕೂತಿದೆ!

ನೋಟ್‌ಬುಕ್ ತೆರೆದೆ. "ಆಂಟಿ, ಸ್ಟಾವ್ರೊಸ್ ಅಂಕಲ್ ತಿಳಿಸಿರುವ ಪ್ರಕಾರ, 'ಕ್ಲಾನೊ' ಎಂಬ ಪದಕ್ಕೆ ಈ ಕೆಳಕಂಡ ಬಳಕೆಗಳಿವೆ. ತಾವು ದೃಢಪಡಿಸಬಹುದೇ?"

ಒಂದೊಂದಾಗಿ, ಸ್ಪಷ್ಟವಾಗಿ ಓದಿದೆ. ವಸುಧಾಳ ಕೈಯ ನೀರಿನ ಲೋಟ ಗಾಳಿಯಲ್ಲೇ ನಿಂತಿತು. ಅಂಕಲ್ ಚಾವಣಿ ನೋಡತೊಡಗಿದರು.

"ಸ್ಟಾವ್ರೊಸ್," ಎಂದರು ಆಂಟಿ, ಬಹಳ ಮೆಲ್ಲಗೆ. "ಪಕ್ಕದ ಮನೆಯವನಿಗೆ ಪ್ರಾರ್ಥನೆ ಕಲಿಸ್ತಿದೀನಿ ಅಂದಿದ್ಯಲ್ಲ?"

"ಪಾಠ ಇನ್ನೂ ಅಲ್ಲೀವರೆಗೆ ಬಂದಿಲ್ಲ ಕಣೇ."

"ತಿದ್ದುಪಡಿ ಏನಾದರೂ ಇದ್ದರೆ..." ಎಂದೆ ನಾನು. ಮೇಜಿನ ಕೆಳಗೆ ವಸುಧಾ ನನ್ನ ಕಾಲು ತುಳಿದಳು.

ಆಂಟಿ ಮಗಳನ್ನು ಎದೆಗೆ ಎತ್ತಿಕೊಂಡು ಎದ್ದರು. "ವಸುಧಾ, ಸೋಮವಾರದಿಂದ ಮಗೂನ ನನ್ನ ಹತ್ರ ಬಿಡಮ್ಮ. ನಿನ್ನ ಈ ಗಂಡನ ಹತ್ರ ಮಾತ್ರ ಬಿಡಬೇಡ!"

ಕೆಲಸವೇನೋ ಆಯಿತು. ಆದರೆ ಅಂದಿನಿಂದ ನಾನು ಗೇಟಿನಲ್ಲಿ ನಮಸ್ಕಾರ ಎಂದರೂ ಆಂಟಿ ನಾನು ಅಲ್ಲಿಲ್ಲವೇ ಇಲ್ಲವೆಂಬಂತೆ ನನ್ನ ಹಿಂದಿನ ಮರವನ್ನು ನೋಡುತ್ತಾರೆ. ಯಾಕೆ ಹೀಗೆಂದು ಅಂಕಲ್‌ರನ್ನು ಕೇಳಿದೆ. ಅವರು ಹಿಂದೆ ಮುಂದೆ ನೋಡಿ ಪಿಸುಗುಟ್ಟಿದರು: "ಯಾರನ್ನಾದರೂ ಲೆಕ್ಕಕ್ಕೇ ಇಟ್ಟಿಲ್ಲ ಅನ್ನೋಕೆ ನಮ್ಮಲ್ಲಿ ಒಂದು ಮಾತಿದೆ. 'ಅವನ ಮೇಲೆ ಹೂಸು ಕೂಡ ಬಿಡಲಿಲ್ಲ' ಅಂತ."

ಹೊಸ ಬಳಕೆ! ತಕ್ಷಣ ಬರೆದುಕೊಂಡೆ. ಉದಾಹರಣೆಯ ಜಾಗದಲ್ಲಿ ನನ್ನ ಹೆಸರನ್ನೇ ಹಾಕಿದೆ.